ಫ್ರಿಜ್ಜಿನ ಬಾಗಿಲಲ್ಲಿದ್ದ ರಾಳ

ನನಗೆ ಸಿಟ್ಟು ಬಂದು ಎರಡು ವರ್ಷ ದಾಟಿತು, ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ಈಗ ಕಾಯುತ್ತಲೂ ಇಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಇರುತ್ತದೆ, ಮಗಳನ್ನು ಕ್ರೆಷ್‌ಗೆ ಬಿಟ್ಟು ಬರುವಾಗ ಇರುತ್ತದೆ, ಗಂಡ ಕಾಫಿ ಲೋಟ ತಂದು ಕೈಗೆ ಕೊಟ್ಟಾಗ ಸ್ವಲ್ಪ ಜಾಸ್ತಿಯಾಗುತ್ತದೆ. "ಇನ್ನೂ ಅದೇನಾ?" ಎಂದು ಕೇಳುತ್ತಾನೆ. ಅದೇ. ಇನ್ನೇನಿರುತ್ತದೆ.

ಅವನ ಸ್ವಭಾವ ಹೇಳದಿದ್ದರೆ ಇದು ಯಾರಿಗೂ ಅರ್ಥವಾಗುವುದಿಲ್ಲ. ನಾವಿಬ್ಬರೂ ಮೈಸೂರಿನವರು, ಇಬ್ಬರದೂ ಕಂಪ್ಯೂಟರಿನ ಮುಂದೆ ಕೂರುವ ಕೆಲಸ, ಈಗ ಪರದೇಶದಲ್ಲಿ, ಕಾರ್ಕ್ ಎಂಬ ಊರಿನ ಪಕ್ಕದ ಡಗ್ಲಸ್‌ನಲ್ಲಿ ಮನೆ. ಅವನಿಗೆ ಒಂದು ಚಟವಿದೆ, ಆದರೆ ಅದು ಕುಡಿತದ್ದೂ ಅಲ್ಲ, ಸೇದುವುದೂ ಅಲ್ಲ. ಯಾವುದನ್ನಾದರೂ ಮನೆಯಲ್ಲೇ, ತನ್ನ ಕೈಯಲ್ಲೇ, ಅಂಗಡಿಗಿಂತ ಚೆನ್ನಾಗಿ ಮಾಡಬೇಕು ಎನ್ನುವ ಚಟ. ಮೊದಲು ಬ್ರೆಡ್ಡು ಬಂತು. ಮನೆ ತುಂಬ ಹುಳಿ ಹಿಟ್ಟಿನ ಡಬ್ಬಿಗಳು, ಅವುಗಳಿಗೆ ಥರ್ಮಾಮೀಟರು. ಆಮೇಲೆ ಕಾಫಿ ಬೀಜ ಹುರಿಯುವುದು. ಅದಾದ ಮೇಲೆ ಆಫೀಸಿನ ಒಬ್ಬ ಗೆಳೆಯ, ಇಲ್ಲಿಯವನೇ, ತನ್ನ ಗ್ಲಾಸ್‌ಹೌಸಿನಲ್ಲಿ ಟೊಮೆಟೊ ಗಿಡಗಳ ಮಧ್ಯೆ ಬೆಳೆದ ಗಾಂಜಾ ಹೂವನ್ನು ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟ. ಗಾಂಜಾ ಸೇದುವವರನ್ನು ನಾನು ಕಾಲೇಜಿನಲ್ಲೂ ನೋಡಿದ್ದೆ. ಅದನ್ನು ಒತ್ತುವವರನ್ನು ನೋಡಿರಲಿಲ್ಲ.

ಮೊದಲ ಸಲ ಒತ್ತಿದ್ದು ನನ್ನ ಹೇರ್ ಸ್ಟ್ರೈಟ್ನರಿನಲ್ಲಿ. ಅವನು ಹೇಳಲಿಲ್ಲ. ಒಂದು ಸೋಮವಾರ ಆಫೀಸಿಗೆ ಹೊರಡುವ ಮುಂಚೆ ಕೂದಲಿಗೆ ಹಿಡಿದೆ, ಕೂದಲು ಅಂಟಿಕೊಂಡಿತು. ಒಂದು ಕುಚ್ಚು ಕತ್ತರಿಸಬೇಕಾಯಿತು. ಅಂದು ಸಂಜೆ ಅವನು ಕ್ಷಮೆ ಕೇಳುವ ಬದಲು ನನಗೆ ಪಾಠ ಮಾಡಿದ. ಬೇಕಿಂಗ್ ಪೇಪರಿನ ಮಡಿಕೆಯಲ್ಲಿ ಹೂವಿಟ್ಟು ಎರಡು ಬಿಸಿ ಪ್ಲೇಟುಗಳ ನಡುವೆ ಒತ್ತಿದರೆ ಹೊನ್ನಿನ ಬಣ್ಣದ ಅಂಟು ಹೊರಗೆ ಬರುತ್ತದಂತೆ. ಅದಕ್ಕೆ ರೋಸಿನ್ ಅನ್ನುತ್ತಾರಂತೆ. ಕೆಮಿಕಲ್ ಇಲ್ಲ, ಏನೂ ಇಲ್ಲ, ಬರೀ ಬಿಸಿ ಮತ್ತು ಒತ್ತಡ.

"ನಮ್ಮ ಗಾಣದ ಎಣ್ಣೆ ಇದ್ದ ಹಾಗೆ ಕಣೇ," ಅಂದ. "ಅಷ್ಟು ಪ್ಯೂರ್."

ಗಾಣದ ಎಣ್ಣೆ. ಮೈಸೂರಿನಲ್ಲಿ ನನ್ನಮ್ಮ ಸ್ಟೀಲಿನ ಕ್ಯಾನು ಹಿಡಿದು ಗಾಣದ ಮುಂದೆ ಕ್ಯೂ ನಿಂತು ತರುತ್ತಿದ್ದ ಎಣ್ಣೆಯನ್ನು ಇವನು ಈ ಮಾತಿಗೆ ಬಳಸಿಕೊಂಡ. ಅವತ್ತೇ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ನಗು ಬಂತು. ಇವನ ಜೊತೆ ನನ್ನ ತೊಂದರೆಯೇ ಅದು. ಮಾತು ಚೆನ್ನಾಗಿ ಆಡುತ್ತಾನೆ.

ಹೊಸ ಸ್ಟ್ರೈಟ್ನರ್ ತಂದುಕೊಟ್ಟ, ತನಗೊಂದು ಪ್ರೆಸ್ ತರಿಸಿಕೊಂಡ. ದಪ್ಪ ಅಲ್ಯೂಮಿನಿಯಂ ಪ್ಲೇಟುಗಳು, ಕಾರು ಎತ್ತುವ ಜಾಕಿನಂಥ ಒಂದು ಜಾಕು, ಉಷ್ಣಾಂಶ ತೋರಿಸುವ ಕೆಂಪು ಅಂಕಿಗಳ ಪರದೆ. ಇಪ್ಪತ್ತು ಕಿಲೋ ಭಾರ. ಮೇಲಿನ ಸಣ್ಣ ರೂಮಿನ ಮೇಜು ಅದರ ಭಾರಕ್ಕೆ ಬಾಗಿತು. ಭಾನುವಾರದ ಮಧ್ಯಾಹ್ನಗಳು ಅಲ್ಲಿ ಕಳೆದವು. ಒತ್ತುವಾಗ ಸಣ್ಣಗೆ ಸುಯ್ ಎಂದು ಸದ್ದು, ಆಮೇಲೆ ನಿಂಬೆ ಸಿಪ್ಪೆ ಮತ್ತು ಬೆವರಿದ ಸಾಕ್ಸು ಸೇರಿದ ಒಂದು ವಾಸನೆ. ಅವನು ಅದನ್ನು ಹೆಚ್ಚು ಸೇದುತ್ತಲೂ ಇರಲಿಲ್ಲ. ಗೆಳೆಯನಿಗೆ ಕೊಡುತ್ತಿದ್ದ, ಸ್ವಲ್ಪ ಇಟ್ಟುಕೊಳ್ಳುತ್ತಿದ್ದ, ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದ. ಕೇಕು ಮಾಡಲು ಹೋದರೆ ನನ್ನ ಅಡುಗೆಮನೆಯಲ್ಲಿ ಬೇಕಿಂಗ್ ಪೇಪರ್ ಇರುತ್ತಿರಲಿಲ್ಲ.

ಬಸುರಿಯಾದೆ. ಮೊದಲ ಸ್ಕ್ಯಾನ್ ಮುಗಿಸಿಕೊಂಡು ಬಂದ ದಿನ ಹೇಳಿದೆ, ಇದು ಈ ಮನೆಯಲ್ಲಿ ಇರಕೂಡದು, ಇದು ಈ ದೇಶದಲ್ಲಿ ಅಪರಾಧ, ನಮ್ಮದು ವರ್ಕ್ ಪರ್ಮಿಟ್ಟಿನ ಬದುಕು. ಅವನು ಒಪ್ಪಿದ. ಪ್ರೆಸ್ ಹೊತ್ತು ಹಿತ್ತಲಿನ ಶೆಡ್ಡಿನಲ್ಲಿಟ್ಟು, ಮೇಲೆ ಟಾರ್ಪಾಲು ಮುಚ್ಚಿದ. ಎಲ್ಲಾ ಕೊಟ್ಟುಬಿಟ್ಟೆ, ಮುಗೀತು ಅಂದ. ನಾನು ನಂಬಿದೆ. ಒಂದು ಸಣ್ಣ ಗಾಜಿನ ಡಬ್ಬಿ ಮಾತ್ರ ಫ್ರಿಜ್ಜಿನ ಬಾಗಿಲಲ್ಲಿ, ಬೆಣ್ಣೆ ಇಡುವ ಗೂಡಿನಲ್ಲಿ ಉಳಿದಿತ್ತು. ಅದು ಅವನ ಪ್ರಕಾರ ತುಂಬ ಚೆನ್ನಾಗಿ ಬಂದದ್ದು, ಬಿಸಾಡಲು ಮನಸ್ಸು ಬಂದಿರಲಿಲ್ಲ. ಇದು ಆಮೇಲೆ ನನಗೆ ಗೊತ್ತಾಯಿತು. ಗೊತ್ತಿದ್ದೂ ಸುಮ್ಮನಿದ್ದೆ, ಯಾಕೆಂದರೆ ಆಗ ನನಗೆ ದಿನಕ್ಕೆ ನಾಲ್ಕು ಸಲ ವಾಂತಿಯಾಗುತ್ತಿತ್ತು, ಒಂದು ಡಬ್ಬಿಗೋಸ್ಕರ ಜಗಳವಾಡುವ ತ್ರಾಣ ಇರಲಿಲ್ಲ.

ಬಾಣಂತನಕ್ಕೆ ಅಮ್ಮ ಬಂದಳು. ಅವಳು ವಿಮಾನ ಹತ್ತಿದ್ದು ಅದೇ ಮೊದಲು. ಏಳನೇ ಕ್ಲಾಸಿನವರೆಗೆ ಓದಿದವಳು, ಇಂಗ್ಲಿಷ್ ಪದಗಳು ಗೊತ್ತು, ಇಂಗ್ಲಿಷ್ ಬಾರದು. ಹಾಡಿದ ಹಾಗೆ ಆಡುವ ಕಾರ್ಕ್ ಇಂಗ್ಲಿಷಂತೂ ನನಗೇ ಮೊದಲ ವರ್ಷ ಅರ್ಥವಾಗಿರಲಿಲ್ಲ. ಸೂಟ್‌ಕೇಸಿನ ತುಂಬ ಬಾಣಂತಿಯ ಸಾಮಾನು. ಅಂಟಿನುಂಡೆ, ಒಣಶುಂಠಿ, ಬಜೆ, ಹೊಟ್ಟೆಗೆ ಸುತ್ತುವ ಹಳೇ ಸೀರೆ, ಒಂದು ಪೊಟ್ಟಣ ಸಾಂಬ್ರಾಣಿ. ನಮ್ಮ ಮನೆಯ ಹಾಲ್‌ನಲ್ಲಿ ಬೆಂಕಿಗೂಡು ಇರುವುದನ್ನು ನೋಡಿ ಅವಳಿಗೆ ಆದ ಸಂತೋಷ ಮಗು ನೋಡಿದಾಗಲೂ ಆಗಲಿಲ್ಲವೇನೋ.

"ಅಯ್ಯೋ, ಕೆಂಡ ಸಿಗುತ್ತೆ ಈ ಊರಲ್ಲಿ," ಅಂದಳು. "ಹೊಗೆ ಹಾಕೋದು ಹೇಗಪ್ಪಾ ಅಂತ ಇಡೀ ದಾರಿ ಯೋಚನೆ ಮಾಡ್ಕೊಂಡು ಬಂದೆ."

ಇಲ್ಲಿ ಬೆಂಕಿಗೂಡಿಗೆ ಹಾಕುವುದು ಒಣಗಿಸಿದ ಜೌಗು ಮಣ್ಣಿನ ಇಟ್ಟಿಗೆಗಳನ್ನು. ಅವು ಉರಿದು ಕೆಂಡವಾದಾಗ ಅಮ್ಮ ಚಿಮಟದಲ್ಲಿ ಎತ್ತಿ ಹಳೇ ಬಾಣಲೆಗೆ ಹಾಕಿಕೊಂಡು ಮೇಲೆ ಒಯ್ಯುತ್ತಿದ್ದಳು. ಮಗುವಿಗೆ ಎಣ್ಣೆ ತಿಕ್ಕಿ, ಬಿಸಿ ಬಿಸಿ ನೀರು ಹಾಕಿ, ಸಣ್ಣ ರೂಮಿನಲ್ಲಿ ಬಾಣಲೆಯ ಮೇಲೆ ಬಟ್ಟೆಯ ಬುಟ್ಟಿ ಬೋರಲು ಹಾಕಿ, ಕೆಂಡಕ್ಕೆ ಚಿಟಿಕೆ ಸಾಂಬ್ರಾಣಿ ಉದುರಿಸಿ, ಮಗುವಿನ ತಲೆಯನ್ನು ಆ ಹೊಗೆಗೆ ಹಿಡಿಯುವಳು. ಆಮೇಲೆ ನನ್ನ ಸರದಿ. ಮಂಚದ ಮೇಲೆ ಅಂಗಾತ ಮಲಗಿ ಒದ್ದೆ ಕೂದಲನ್ನು ಅಂಚಿನಿಂದ ಕೆಳಗೆ ಇಳಿಬಿಡಬೇಕು. ಕಿಟಕಿ ಭದ್ರ, ಬಾಗಿಲ ಸಂದಿಗೆ ಟವೆಲ್ಲು, ಬಾಣಂತಿಗೆ ಗಾಳಿ ತಾಗಬಾರದಲ್ಲ. ಸ್ಮೋಕ್ ಅಲಾರಮ್ಮಿಗೆ ಗಂಡ ಒಂದು ಶವರ್ ಕ್ಯಾಪ್ ತೊಡಿಸಿದ್ದ. ಇಲ್ಲಿ ನಮ್ಮವರ ಅರ್ಧ ಮನೆಗಳಲ್ಲಿ ಒಗ್ಗರಣೆಗೋಸ್ಕರ ಆ ಟೋಪಿ ಇದೆ. ನಮ್ಮ ಮನೆಯಲ್ಲಿ ಅದು ಮೊದಲೇ ಇತ್ತು, ಪ್ರೆಸ್ಸಿನ ಕಾಲದಿಂದ.

ಮನೆಗೆ ಬಂದು ನೋಡುವ ನರ್ಸು ಹೊಗೆ ಬೇಡ ಎಂದು ಹೇಳಿದ್ದಳು. ಹೇಳಿದ್ದಳು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ನಾನು ಆ ಮಾತನ್ನು ಅಮ್ಮನಿಗೆ ದಾಟಿಸಲಿಲ್ಲ. ನನ್ನನ್ನು ಹೀಗೇ ಸಾಕಿದ್ದು, ನನ್ನ ತಮ್ಮನನ್ನೂ ಹೀಗೇ ಸಾಕಿದ್ದು, ನಮಗೇನಾಗಿದೆ ಎಂಬ ಮಾತು ಅಮ್ಮನ ಬಾಯಿಂದ ಬರುವುದು ಗ್ಯಾರಂಟಿ ಇತ್ತು. ಜೊತೆಗೆ ನನಗೂ ಆ ಹೊಗೆ ಬೇಕಿತ್ತು. ಊರು ಬಿಟ್ಟ ಮೇಲೆ ಯಾರೂ ನನ್ನ ತಲೆ ಒರೆಸಿರಲಿಲ್ಲ.

ಅಮ್ಮ ಬಂದ ಎರಡನೇ ವಾರವಿರಬೇಕು. ಬೆಣ್ಣೆ ಹುಡುಕಲು ಫ್ರಿಜ್ ತೆಗೆದವಳು ಆ ಗಾಜಿನ ಡಬ್ಬಿ ಹಿಡಿದುಕೊಂಡು ನಿಂತಳು. ಒಳಗೆ ಜೇನಿನ ಬಣ್ಣದ ಗಟ್ಟಿ ಅಂಟು. ನಾನು ಹಾಲ್‌ನಲ್ಲಿ ಮಗುವಿಗೆ ಹಾಲು ಕೊಡುತ್ತಿದ್ದೆ, ಗಂಡ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ.

"ಇದೇನಿದು?" ಎಂದು ಅವನನ್ನು ಕೇಳಿದಳು.

ಅವನು ಕಾಫಿ ಪಾತ್ರೆ ಕೆಳಗಿಟ್ಟ. ಆಮೇಲೆ ಹೇಳಿದ, "ಅದಾ ಅತ್ತೆ, ಅದು ರಾಳ."

"ರಾಳನಾ? ಫ್ರಿಜ್ಜಲ್ಲಿ ಯಾಕಿಟ್ಟಿದೀರಾ?"

"ಹೊರಗಿಟ್ರೆ ಕರಗುತ್ತೆ. ನಂದೊಂದು ಪ್ರಾಜೆಕ್ಟಿಗೆ ತಂದಿದ್ದು."

ರೋಸಿನ್ ಎಂದರೆ ರಾಳ. ಡಿಕ್ಷನರಿ ತೆಗೆದು ನೋಡಿದರೂ ಅದೇ ಇರುತ್ತದೆ. ಒಂದಕ್ಷರ ಸುಳ್ಳಿಲ್ಲ. ಅವನು ಹಾಲ್‌ನ ಕಡೆ ಕತ್ತು ಚಾಚಿ ನನಗೆ ಕಣ್ಣು ಹೊಡೆದ. ನಾನು ನಕ್ಕೆ. ಮಗುವಿನ ತಲೆ ಅಲುಗಾಡುವಷ್ಟು ನಕ್ಕೆ. ಎಂಥ ಜಾಣ ಅನ್ನಿಸಿತು. ಎರಡು ವರ್ಷದಿಂದ ಅವನ ಮೇಲೆ ಹಲ್ಲು ಕಡಿಯುವಾಗಲೆಲ್ಲ ಆ ನಗು ನೆನಪಾಗಿ ಬಾಯಿ ಕಹಿಯಾಗುತ್ತದೆ.

ಅಮ್ಮನ ಕನ್ನಡದಲ್ಲಿ ರಾಳ ಎಂದರೆ ಏನು ಎಂದು ನಾವಿಬ್ಬರೂ ಯೋಚಿಸಲಿಲ್ಲ. ಅವಳಿಗೆ ರಾಳ ಎಂದರೆ ಧೂಪ. ಗ್ರಂಥಿಗೆ ಅಂಗಡಿಯಲ್ಲಿ ಸಾಂಬ್ರಾಣಿಯ ಪಕ್ಕದ ಡಬ್ಬಿಯಲ್ಲಿ ಇರುವುದು, ಶುಕ್ರವಾರ ಕೆಂಡದ ಮೇಲೆ ಹಾಕುವುದು. ಸಾಂಬ್ರಾಣಿ ಇಲ್ಲದ ದಿನ ಅದರ ಬದಲು ಹಾಕಬಹುದಾದದ್ದು.

ಸಾಂಬ್ರಾಣಿ ಮುಗಿದ ದಿನ ಗಂಡ ಆಫೀಸಿಗೆ ಹೋಗಿದ್ದ. ಅಮ್ಮ ನನ್ನನ್ನು ಕೇಳಲಿಲ್ಲ, ಕೇಳುವಂಥದ್ದೇನಿತ್ತು. ಕಡಲೆಬೇಳೆ ಗಾತ್ರದ ಒಂದು ಚೂರು ಚಮಚದಲ್ಲಿ ಕೆದಕಿ ತೆಗೆದಳು, ಮಗುವಿನ ಹೊಗೆಗೆ ಹಾಕಿದಳು. ಇನ್ನೊಂದು ಚೂರು ನನ್ನ ತಲೆಗೆ. ನಾನು ಎಣ್ಣೆ ಸ್ನಾನದ ಮಂಪರಿನಲ್ಲಿ ಅಂಗಾತ ಮಲಗಿದ್ದೆ.

"ಇವತ್ತು ನಿನ್ನ ಗಂಡನ ರಾಳ," ಅಂದಳು. "ಘಮ ಒಂಥರಾ ಇದೆ. ಈ ದೇಶದ್ದೇ ಇರಬೇಕು."

ನಿಂಬೆ ಸಿಪ್ಪೆ, ಬೆವರಿದ ಸಾಕ್ಸು. ಮೂಗಿಗೆ ಗೊತ್ತಾಯಿತು, ತಲೆಗೆ ಹೋಗಲಿಲ್ಲ. ಅಮ್ಮ ಯಾಕೋ ನಗುತ್ತಿದ್ದಳು, ನನಗೂ ನಗು ಬರುತ್ತಿತ್ತು, ಮೇಲ್ಛಾವಣಿಯ ಬಿರುಕು ಬಹಳ ಚೆನ್ನಾಗಿ ಕಾಣುತ್ತಿತ್ತು. ಹೀಗೆ ಎಷ್ಟು ಹೊತ್ತು ಹೋಯಿತೋ, ಎರಡು ನಿಮಿಷವೋ ಐದೋ. ಆಮೇಲೆ ಆ ವಾಸನೆಗೆ ಹೆಸರು ಸಿಕ್ಕಿತು. ಎದ್ದು ಕುಳಿತೆ, ರೂಮು ಒಂದು ಸುತ್ತು ತಿರುಗಿತು. ಕಿಟಕಿ ತೆರೆದೆ. ಅಮ್ಮ ಹಾಗೆ ತೆಗೀಬಾರದು, ಶೀತ ಆಗುತ್ತೆ ಎಂದು ಕೂಗುತ್ತಾ ನನ್ನ ಹಿಂದೆ ಬಂದಳು. ಬಾಣಲೆಯನ್ನು ಬಚ್ಚಲಿಗೆ ಒಯ್ದು ನೀರು ಸುರಿದೆ.

ಮಗು ಮಲಗಿತ್ತು. ಸ್ನಾನದ ನಂತರ ಯಾವಾಗಲೂ ಮಲಗುತ್ತಿತ್ತು. ಆದರೆ ಹಾಲಿನ ಹೊತ್ತಿಗೆ ಏಳಲಿಲ್ಲ. ಅಂಗಾಲು ಕೆರೆದೆ, ಒದ್ದೆ ಬಟ್ಟೆ ಕೆನ್ನೆಗೆ ಒತ್ತಿದೆ, ಬಟ್ಟೆಯೆಲ್ಲ ಬಿಚ್ಚಿದೆ. ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿತು. ಕೈ ಎತ್ತಿ ಬಿಟ್ಟರೆ ಹಾಗೇ ಬೀಳುತ್ತಿತ್ತು. ನನಗೆ ಆಗ ಆದ ಭಯವನ್ನು ಬರೆಯಲು ಬರುವುದಿಲ್ಲ. ಆಂಬುಲೆನ್ಸ್ ಕರೆಯಬೇಕಿತ್ತು. ಗಂಡನಿಗೆ ಫೋನು ಮಾಡಿದೆ. ಅವನು ಹತ್ತು ನಿಮಿಷದಲ್ಲಿ ಬಂದ.

ಕಾರಿನಲ್ಲಿ ಅಮ್ಮ ಹಿಂದೆ ಮಗುವಿನ ಸೀಟಿನ ಪಕ್ಕ ಕುಳಿತು ಅದರ ಪಾದ ಉಜ್ಜುತ್ತಿದ್ದಳು. ಅವನು ಸ್ಟಿಯರಿಂಗ್ ಹಿಡಿದು, ಅಮ್ಮನಿಗೆ ತಿಳಿಯದಿರಲಿ ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿಕೊಡುತ್ತಾ ಹೋದ. ಅಗರಬತ್ತಿ ಥರದ್ದು, ಮನೆಯಲ್ಲಿ ಪೂಜೆಗೆ ಹಾಕುವ ಹೊಗೆ, ಅಷ್ಟೇ ಹೇಳು. ಅವರು ಆಕ್ಸಿಜನ್ ಕೊಡುತ್ತಾರೆ, ಸರಿಹೋಗುತ್ತದೆ. ಬೇರೆ ಏನಾದರೂ ಅಂದರೆ ಪರ್ಮಿಟ್ ಹೋಗುತ್ತದೆ, ಕೆಲಸ ಹೋಗುತ್ತದೆ, ಮಗುವನ್ನೇ ಕಿತ್ತುಕೊಳ್ಳಬಹುದು. ಇಷ್ಟನ್ನೂ ಸಿಗ್ನಲ್ಲಿನಲ್ಲಿ ಸರಿಯಾಗಿ ನಿಲ್ಲಿಸುತ್ತಾ, ಇಂಡಿಕೇಟರ್ ಹಾಕುತ್ತಾ ಹೇಳಿದ. ಅವನಿಗೂ ಹೆದರಿಕೆಯಾಗಿತ್ತು. ಆದರೂ ಅವನ ಬಾಯಲ್ಲಿ ಮೊದಲು ಬಂದದ್ದು ಪರ್ಮಿಟ್ಟು. ಅದನ್ನು ನಾನು ಮರೆಯಲಾರೆ.

ಎಮರ್ಜೆನ್ಸಿಯಲ್ಲಿ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ತಂತಿಗಳನ್ನು ಅಂಟಿಸಿದರು. ಕೆಂಪು ಕೂದಲಿನ, ನನಗಿಂತ ಚಿಕ್ಕವಳಾದ ಒಬ್ಬ ನರ್ಸು, ಪಕ್ಕದಲ್ಲಿ ಒಬ್ಬ ಡಾಕ್ಟರು. ಬೆಳಗಿನಿಂದ ಏನೇನಾಯಿತು ಹೇಳಿ ಅಂದರು. ಅಜ್ಜಿ ಸ್ನಾನ ಮಾಡಿಸಿ ಹೊಗೆ ಕೊಟ್ಟಳು ಅಂದೆ. ನರ್ಸು ಅಮ್ಮನ ಕಡೆ ತಿರುಗಿ, ಹೊಗೆಗೆ ಏನು ಹಾಕಿದಿರಿ ಎಂದು ಕೇಳಿದಳು. ನಾನು ಕನ್ನಡದಲ್ಲಿ ಕೇಳಿದೆ. ಅಮ್ಮ ಬೆರಳ ತುದಿಯಲ್ಲಿ ಅಳತೆ ತೋರಿಸಿದಳು.

"ಇಷ್ಟೇ ಇಷ್ಟು. ರಾಳ."

ನರ್ಸು ನನ್ನ ಮುಖ ನೋಡಿದಳು. ಗಂಡ ನಡುವೆ ಬಂದು "ಇನ್ಸೆನ್ಸ್" ಅಂದ.

ಅಮ್ಮ ಹೇಳಿದ್ದು ಆ ಪದವಲ್ಲ. ಅಮ್ಮ ಹೇಳಿದ ಪದವನ್ನು ನಾನು ಇಂಗ್ಲಿಷಿಗೆ ತಂದೆ. "ರೆಸಿನ್," ಅಂದೆ. ಡಾಕ್ಟರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದ. ಈ ದೇಶದಲ್ಲಿ ಪೇಪರಿನವರೂ ಪೊಲೀಸರೂ ಆ ಪದವನ್ನು ಗಾಂಜಾದ ಜೊತೆ ಸೇರಿಸಿ ಹೇಳುತ್ತಾರೆ ಎಂದು ಆ ರೂಮಿನಲ್ಲಿ ಅಮ್ಮನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಉಳಿದದ್ದನ್ನೂ ಹೇಳಿದೆ. ಗಾಂಜಾದ್ದು, ಗಂಡ ಒತ್ತಿದ್ದು, ಫ್ರಿಜ್ಜಿನಲ್ಲಿತ್ತು, ಅಮ್ಮನಿಗೆ ಗೊತ್ತಿರಲಿಲ್ಲ. ಗಂಡ ಗೋಡೆಯ ಕಡೆ ತಿರುಗಿದ.

ಯಾರೂ ಕೂಗಾಡಲಿಲ್ಲ. ನೀವು ಹೇಳಿದ್ದು ಒಳ್ಳೆಯದಾಯಿತು ಅಂದ ಡಾಕ್ಟರು, ಏನನ್ನು ಗಮನಿಸುತ್ತಿರಬೇಕು ಎಂದು ಈಗ ಗೊತ್ತು ಅಂದ. ಅಮ್ಮ ಮೂಲೆಯ ಕುರ್ಚಿಯಲ್ಲಿ, ಸೀರೆಯ ಮೇಲೆ ನನ್ನ ಹಳೇ ಜಾಕೆಟ್ಟು ಹಾಕಿಕೊಂಡು, ಎರಡು ಕೈಯನ್ನೂ ತೊಡೆಯ ಕೆಳಗೆ ಅಡಗಿಸಿಕೊಂಡು ಕುಳಿತಿದ್ದಳು. ನರ್ಸು ಅವಳ ಹತ್ತಿರ ಹೋಗಿ ಬಗ್ಗಿ, ಭುಜದ ಮೇಲೆ ಕೈಯಿಟ್ಟು, ಮೆಲ್ಲಗೆ ಏನೋ ಹೇಳಿದಳು. ಆಮೇಲೆ ನನ್ನ ಕಡೆ ನೋಡಿ, ಇದನ್ನು ನಿಮ್ಮಮ್ಮನಿಗೆ ಹೇಳಿ ಅಂದಳು.

ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು. ಇದು ನಿಮ್ಮ ತಪ್ಪಲ್ಲ ಎಂದು ನರ್ಸು ಹೇಳಿದ್ದು. ಮೂರು ಪದ. ಅದನ್ನು ಹೇಳಿದರೆ ಮುಂದಿನ ಪ್ರಶ್ನೆ, ಮತ್ತೆ ಯಾರದು? ಗೋಡೆಗೆ ಮುಖ ಮಾಡಿ ನಿಂತವನು ನನ್ನ ಗಂಡ. ಅವನು ರಾಳ ಅಂದಾಗ ನಕ್ಕವಳು ನಾನು.

"ಇನ್ಮೇಲೆ ಹೊಗೆ ಹಾಕಬಾರದಂತೆ ಅಮ್ಮ," ಅಂದೆ.

ಅಮ್ಮ ತಲೆಯಾಡಿಸಿದಳು. ನರ್ಸು ಅದನ್ನು ನೋಡಿ ಸಮಾಧಾನದಿಂದ ಅವಳ ಭುಜ ತಟ್ಟಿದಳು.

ಮರುದಿನ ಬೆಳಿಗ್ಗೆ ಮಗು ಎದ್ದು ಗಂಟಲು ಹರಿಯುವ ಹಾಗೆ ಅತ್ತಿತು. ಅಷ್ಟು ಚಂದದ ಅಳು ನಾನು ಕೇಳಿಲ್ಲ. "ಷೀಸ್ ಗ್ರ್ಯಾಂಡ್ ನೌ," ಅಂದಳು ನರ್ಸು. ಇಲ್ಲಿ ಚೆನ್ನಾಗಿರುವ ಎಲ್ಲದಕ್ಕೂ ಗ್ರ್ಯಾಂಡ್ ಅನ್ನುತ್ತಾರೆ. ಮಳೆ ನಿಂತರೂ ಗ್ರ್ಯಾಂಡ್, ಸತ್ತು ಬದುಕಿದರೂ ಗ್ರ್ಯಾಂಡ್. ಅವತ್ತು ಮಾತ್ರ ಆ ಪದದ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಮನೆಗೆ ಬಂದ ವಾರದಲ್ಲಿ ಒಬ್ಬ ಸೋಷಿಯಲ್ ವರ್ಕರ್ ಬಂದಳು, ಆಮೇಲೆ ಇಬ್ಬರು ಗಾರ್ಡಾಗಳು, ಅಂದರೆ ಇಲ್ಲಿನ ಪೊಲೀಸರು. ಶೆಡ್ಡಿನ ಟಾರ್ಪಾಲು ಎತ್ತಿ ಪ್ರೆಸ್ ಹೊರಗೆ ತಂದರು. ಅಷ್ಟು ಭಾರದ ಅದನ್ನು ಇಬ್ಬರೂ ಸೇರಿ ಹಾಲ್ ದಾಟಿಸುವಾಗ ಅಮ್ಮ ಅಡುಗೆಮನೆಯಿಂದ ಬಂದಳು. ಸಮವಸ್ತ್ರ ನೋಡಿ ಅಲ್ಲೇ ನಿಂತಳು. ಸೆರಗು ಹೊದ್ದುಕೊಂಡು ಅವರಿಗೆ ಎರಡೂ ಕೈ ಮುಗಿದಳು.

"ತಪ್ಪಾಯ್ತು ಸ್ವಾಮಿ," ಅಂದಳು. "ಗೊತ್ತಾಗ್ಲಿಲ್ಲ. ಮಗು ಚೆನ್ನಾಗಿರ್ಲಿ ಅಂತ ಹಾಕಿದ್ದು. ಮಗಳಿಗೆ ಏನೂ ಮಾಡ್ಬೇಡಿ."

ಗಾರ್ಡಾಗಳಲ್ಲಿ ವಯಸ್ಸಾದವನು ಪ್ರೆಸ್ಸಿನ ಒಂದು ತುದಿ ಹಿಡಿದುಕೊಂಡೇ, ಏನು ಹೇಳುತ್ತಿದ್ದಾರೆ ಎಂದು ನನ್ನನ್ನು ಕೇಳಿದ.

"ಮನೆಗೆ ಬಂದವರಿಗೆ ನಮಸ್ಕಾರ ಹೇಳುತ್ತಿದ್ದಾರೆ," ಅಂದೆ.

ಅವನು ಅಮ್ಮನನ್ನು ನೋಡಿ ನಕ್ಕು ತಲೆಬಾಗಿದ. ಅವರು ಹೋದ ಮೇಲೆ ಗಂಡ ಅಮ್ಮನಿಗೆ, ಮಿಷನ್ ರಿಪೇರಿಗೆ ಕೊಟ್ಟಿದ್ದು ಅತ್ತೆ ಅಂದ. ಆಗ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ, ಯಾಕೆಂದರೆ ನನ್ನ ಸುಳ್ಳು ಅವನದಕ್ಕಿಂತ ಒಂದು ನಿಮಿಷ ಹಳೆಯದು.

ಅಮ್ಮ ಇನ್ನೂ ಮೂರು ವಾರ ಇದ್ದಳು. ಮಗುವಿಗೆ ಸ್ನಾನ ಮಾಡಿಸಲಿಲ್ಲ. ನಾನು ಮಾಡಿಸುವಾಗ ಬಚ್ಚಲಿನ ಹೊರಗೆ ಟವೆಲ್ ಹಿಡಿದು ನಿಲ್ಲುತ್ತಿದ್ದಳು, ನೀರು ಜಾಸ್ತಿ ಬಿಸಿ ಇದೆಯಾ ಎಂದು ಕೂಡ ಕೇಳುತ್ತಿರಲಿಲ್ಲ. ಮಗು ಎತ್ತಿಕೋ ಅಮ್ಮ ಅಂದರೆ ಕೈ ತೊಳೆದು ಬರುತ್ತೇನೆ ಅನ್ನುವಳು, ಬರುತ್ತಿರಲಿಲ್ಲ. ಒಂದು ದಿನ ನೋಡಿದರೆ ಆ ಹಳೇ ಬಾಣಲೆ ಹೊರಗಿನ ಕಸದ ಡಬ್ಬಿಯಲ್ಲಿತ್ತು. ನನಗೆ ಎಲ್ಲಾ ಕಾಣುತ್ತಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ. ಗಂಡ ಬೇಡ ಎಂದು ಅಂಗಲಾಚುತ್ತಿದ್ದ, ಅವರ ಮುಂದೆ ಮುಖ ಎತ್ತಿ ಹೇಗೆ ತಿರುಗಲಿ ಅನ್ನುತ್ತಿದ್ದ. ಅವಳು ಕೈ ಕಟ್ಟಿಕೊಂಡು ತಿರುಗುತ್ತಿದ್ದುದು ಅವನಿಗೆ ಕಾಣುತ್ತಿರಲಿಲ್ಲವೇ? ಅವಳನ್ನು ವಿಮಾನ ಹತ್ತಿಸುವ ದಿನ ಕಾಲಿಗೆ ಬಿದ್ದ. ಅವಳು ಇದು ಅಳಿಯನ ಭಕ್ತಿ ಎಂದುಕೊಂಡು ತಲೆ ಮುಟ್ಟಿ ಹರಸಿದಳು.

ಅವನ ಕೇಸು ಎಚ್ಚರಿಕೆಯಲ್ಲಿ ಮುಗಿಯಿತು. ಪರ್ಮಿಟ್ ಹೋಗಲಿಲ್ಲ, ಕೆಲಸ ಹೋಗಲಿಲ್ಲ, ಮಗುವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಸೋಷಿಯಲ್ ವರ್ಕರ್ ಕೆಲವು ತಿಂಗಳು ಬಂದು ಫೈಲು ಮುಚ್ಚಿದಳು. ಅವನು ಮತ್ತೆ ಕಾಫಿ ಬೀಜ ಹುರಿಯಲು ಶುರುಮಾಡಿದ. ಮಗಳು ಮಾತು ಕಲಿತಳು, ಕನ್ನಡದಲ್ಲಿ ಕೇಳಿದರೆ ಕಾರ್ಕ್ ರಾಗದ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಹೊರಗಿನಿಂದ ನೋಡಿದರೆ ನಮ್ಮದು ಗ್ರ್ಯಾಂಡ್ ಸಂಸಾರ.

ಈ ವರ್ಷ ಮೈಸೂರಿನಲ್ಲಿ ನನ್ನ ತಮ್ಮನ ಹೆಂಡತಿಗೆ ಹೆರಿಗೆಯಾಯಿತು. ಅವಳಿಗೆ ತಾಯಿ ಇಲ್ಲ, ಬಾಣಂತನ ನಮ್ಮ ಮನೆಯಲ್ಲೇ. ಹತ್ತನೇ ದಿನ ತಮ್ಮ ಫೋನು ಮಾಡಿದ.

"ಅಕ್ಕ, ಅಮ್ಮಂಗೆ ಏನಾಗಿದೆ? ಮಗು ಮುಟ್ತಿಲ್ಲ. ನೀರು ಹಾಕೋಕೆ ಯಾರನ್ನಾದ್ರೂ ಕರ್ಸು ಅಂತಾಳೆ. ಇವಳು ಅಳ್ತಾ ಕೂತಿದಾಳೆ, ಹೆಣ್ಣು ಅಂತ ಅತ್ತೆಗೆ ಬೇಜಾರು ಅನ್ಕೊಂಡು."

ನಾನು ಆಗ ಡಗ್ಲಸ್‌ನ ಶಾಪಿಂಗ್ ಸೆಂಟರಿನ ಕಾರ್ ಪಾರ್ಕಿನಲ್ಲಿದ್ದೆ. ಬೆಳಗಿನ ಹನ್ನೊಂದು ಗಂಟೆ, ಹಿಂದಿನ ಸೀಟಿನಲ್ಲಿ ಮಗಳು ಬಾಳೆಹಣ್ಣು ಹಿಡಿದುಕೊಂಡೇ ನಿದ್ದೆ ಮಾಡುತ್ತಿದ್ದಳು. ಗಂಡನನ್ನು ಕೇಳಲಿಲ್ಲ. ಅಮ್ಮನಿಗೆ ಫೋನು ಹಚ್ಚಿದೆ, ಅವಳು ಹಲೋ ಅನ್ನುವ ಮೊದಲೇ ಶುರುಮಾಡಿದೆ. ಪ್ರೆಸ್ಸು ಏನು, ಆ ಡಬ್ಬಿಯಲ್ಲಿದ್ದದ್ದು ಏನು, ರಾಳ ಎಂದು ಯಾಕೆ ಹೇಳಿದ, ನಾನು ಕೇಳಿ ನಕ್ಕದ್ದು, ಪೊಲೀಸರು ಯಾತಕ್ಕೆ ಬಂದದ್ದು. ಗಾಂಜಾ ಎಂಬ ಪದವನ್ನು ಅಮ್ಮನ ಹತ್ತಿರ ನಾನು ಹುಟ್ಟಿದ ಮೇಲೆ ಮೊದಲ ಸಲ ಆಡಿದೆ.

ಅವಳ ಹಿಂದೆ ಎಳೆಗೂಸಿನ ಅಳು ಕೇಳುತ್ತಿತ್ತು.

"ಆಸ್ಪತ್ರೆಯವರಿಗೆ ಅವತ್ತೇ ಹೇಳಿದ್ಯಾ ಇದನ್ನ?" ಎಂದು ಕೇಳಿದಳು.

"ಹೇಳಿದೆ."

"ಪೊಲೀಸ್ನೋರಿಗೆ?"

"ಅವರಿಗೂ ಗೊತ್ತಿತ್ತು."

"ಮತ್ತೆ ನಾನು ಕೈ ಮುಗಿದೆನಲ್ಲೇ ಅವರಿಗೆ."

ನಾನು ಕನ್ನಡಿಯಲ್ಲಿ ಹಿಂದಿನ ಸೀಟಿನ ಮಗಳನ್ನು ನೋಡಿದೆ.

"ನಿನ್ನ ಗಂಡಂಗೆ ಆಮೇಲೆ ಬೈತೀನಿ, ಅದಿರ್ಲಿ. ಎರಡು ವರ್ಷದಿಂದ ದೇವರ ಮುಂದೆ ಧೂಪ ಹಾಕಿಲ್ಲ ನಾನು. ನಿಮ್ಮಪ್ಪ ಕೇಳಿದ್ರೆ ಕೆಮ್ಮು ಅಂತೀನಿ." ಆಮೇಲೆ ಕೇಳಿದಳು, "ಆ ನರ್ಸು, ಕೆಂಪು ಕೂದ್ಲೋಳು. ನನ್ನ ಭುಜ ಹಿಡ್ಕೊಂಡು ಏನೋ ಹೇಳಿದ್ಲಲ್ಲ. ನಿಜವಾಗ್ಲೂ ಏನಂದ್ಲು?"

"ಇದು ನಿಮ್ಮ ತಪ್ಪಲ್ಲ ಅಂದ್ಲು ಅಮ್ಮ."

"ಯಾರೋ ಗುರುತಿಲ್ಲದೋಳು ಹೇಳಿದ್ಲು," ಅಂದಳು. "ನೀನು ಹೇಳ್ಲಿಲ್ಲ."

ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಬೈಯಲಿ ಎಂದು ಕಾದೆ, ಬೈಯಲಿಲ್ಲ. ಫೋನನ್ನು ಎಲ್ಲೋ ಇಟ್ಟಳು, ಕಟ್ ಮಾಡಲಿಲ್ಲ. ಅವಳ ಹೆಜ್ಜೆ ಬಚ್ಚಲಮನೆಯ ಕಡೆ ಹೋಯಿತು. ಹಂಡೆಯಿಂದ ನೀರು ಬಗ್ಗಿಸುವ ಸದ್ದು ಬಂತು. "ಮಗು ಕೊಡು ಇಲ್ಲಿ," ಎಂದು ಸೊಸೆಗೆ ಹೇಳುವುದು ಕೇಳಿಸಿತು. ಆಮೇಲೆ ತಮ್ಮನಿಗೆ, "ಗ್ರಂಥಿಗೆ ಅಂಗಡಿಗೆ ಹೋಗಿ ಸಾಂಬ್ರಾಣಿ ತಗೊಂಡು ಬಾ. ಪೊಟ್ಟಣ ಒಡೆದು, ಮೂಸಿ ನೋಡಿ ತಗೋ."